ಪುಟ ನೋಡದ ಓದು

ಇಂಡಿ ಊರಿನಲ್ಲಿ ಮಹಾನಂದಾ ಎಂಬ ಸೊಸೆಯಿದ್ದಳು. ಬಿ.ಎ. ಪಾಸಾದವಳು, ಮಾತಿನಲ್ಲಿ ಜಾಣೆ, ಕೆಲಸದಲ್ಲಿ ಚುರುಕು. ಆದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳ ಎದೆಯಲ್ಲಿ ಕೂತಿತ್ತು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಅದು ಹೇಗೆ ಅಂತೀರಾ? ಅವಳ ತವರು ಗಡಿಯಾಚೆ, ಅಕ್ಕಲಕೋಟೆಯ ಕಡೆ. ಮನೆಮಾತು ಅಚ್ಚ ಕನ್ನಡ, ಕಲಿತದ್ದು ಮಾತ್ರ ಮೊದಲಿನಿಂದ ಕೊನೆತನಕ ಮರಾಠಿಯಲ್ಲಿ. ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ಓದಿದ್ದಾಳೆಂದು ಕೇಳಿದರೇ ಹೊರತು ಯಾವ ಭಾಷೆಯಲ್ಲಿ ಓದಿದ್ದಾಳೆಂದು ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಕಾಶೀಬಾಯಿ, ಕನ್ನಡಕ ಸಿಗಲಿಲ್ಲವೆಂದು ಲಗ್ನಪತ್ರಿಕೆಯೊಂದನ್ನು ಕೈಗಿಟ್ಟು ಓದು ಅಂದಳು. ಆಗಲೇ ಬಾಯಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿ.ಎ. ಸೊಸೆ ಇವಳೇನಾ ಎಂದು ನಗುತ್ತಾರೆಂದು ಹೆದರಿ ತಲೆನೋವು ಅಂದುಬಿಟ್ಟಳು. ಆಮೇಲೆ ಬಸ್ಸಿನ ಬೋರ್ಡಿಗೊಂದು ನೆಪ, ಅಂಗಡಿಯ ಫಲಕಕ್ಕೊಂದು ನೆಪ. ವರ್ಷಗಳು ಹಾಗೇ ಕಳೆದವು.

ಮಗಳು ಶ್ರಾವಣಿ ಯುಕೆಜಿಗೆ ಸೇರಿದಳು. ಆ ಶಾಲೆಯಲ್ಲೊಂದು ಪದ್ಧತಿ. ಚಿತ್ರದ ಪುಸ್ತಕವೊಂದನ್ನು ಮಗುವಿನ ಚೀಲದಲ್ಲಿಟ್ಟು ಮನೆಗೆ ಕಳಿಸುವರು. ಅದೇ ಕಥೆಯನ್ನು ಶಕುಂತಲಾ ಟೀಚರ್ ಓದುವ ವಿಡಿಯೋ ಸಂಜೆ ತಾಯಂದಿರ ಫೋನಿಗೆ ಬರುವುದು. ಮೊದಲು ವಿಡಿಯೋ ತೋರಿಸಿ, ಆಮೇಲೆ ಫೋನ್ ಬದಿಗಿಟ್ಟು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅಕ್ಷರದ ಮೇಲೆ ಬೆರಳಿಟ್ಟು ಓದಿಸಿ ಎಂದು ಟೀಚರ್ ಹೇಳಿದ್ದರು.

ವಿಡಿಯೋ ತೋರಿಸುವುದೇನು ಮಹಾ ಕೆಲಸ? ಕಷ್ಟ ಆಮೇಲಿನದು. ಮಹಾನಂದಾ ಒಂದು ಉಪಾಯ ಹೂಡಿದಳು. ರೊಟ್ಟಿ ಬಡಿಯುತ್ತ ವಿಡಿಯೋ ಹಚ್ಚುವಳು, ಮತ್ತೆ ಹಚ್ಚುವಳು, ಕಥೆ ಬಾಯಿಗೆ ಬರುವವರೆಗೆ ಬಿಡಳು. ಆಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತ ನೆನಪು ಮಾಡಿಕೊಂಡು, ಒಂದಕ್ಷರ ತಪ್ಪದಂತೆ ಹೇಳುವಳು. ಬೆರಳೂ ಸಾಲಿನ ಮೇಲೆ ಓಡುತ್ತಿತ್ತು, ಎಲ್ಲಿ ಓಡಿತೋ ದೇವರಿಗೇ ಗೊತ್ತು. ಸೊಸೆ ಎಷ್ಟು ಚೆಂದ ಓದುತ್ತಾಳೆಂದು ಕಾಶೀಬಾಯಿ ಓಣಿಯ ತುಂಬ ಹೇಳಿಕೊಂಡು ಬಂದಳು. ಅದನ್ನು ಕೇಳಿದಾಗಲೆಲ್ಲ ಮಹಾನಂದಾಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಟೀಚರ್ ಅವಳನ್ನು ಕರೆಸಿದರು. ಶ್ರಾವಣಿ ಯಾವ ಕಥೆ ಕೇಳಿದರೂ ಪಟಪಟ ಹೇಳುತ್ತಾಳೆ, ಆದರೆ ಕಣ್ಣು ಪುಸ್ತಕದ ಮೇಲೆ ಇರುವುದೇ ಇಲ್ಲ. ಒಂದು ಅಕ್ಷರ ತೋರಿಸಿ ಇದೇನೆಂದು ಕೇಳಿದರೆ ಮೇಲೆ ನೋಡುತ್ತಾಳೆ, ಅಳು ತೆಗೆಯುತ್ತಾಳೆ. ಮುಂದಿನ ವರ್ಷ ಒಂದನೇ ಕ್ಲಾಸು, ಹೀಗಾದರೆ ಹಿಂದೆ ಬೀಳುತ್ತಾಳೆ ಎಂದರು.

ಮಹಾನಂದಾಳ ಜೀವ ಹಾರಿಹೋದಂತಾಯಿತು. ಮಗಳಿಗೆ ಏನೋ ಆಗಿದೆ ಅಂದುಕೊಂಡಳು. ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಕಣ್ಣು ಸರಿಯಾಗಿವೆ ಎಂದು ಅವರು ಸಾಗಹಾಕಿದರು. ಫೋನಿನಲ್ಲಿ ಸಿಕ್ಕ ಅಕ್ಷರದ ಹಾಡು, ಅಕ್ಷರದ ಆಟ ಎಲ್ಲವನ್ನೂ ಇಳಿಸಿಕೊಂಡು ಮಗುವಿನ ಮುಂದೆ ಸುರಿದಳು. ಮಗು ಹಾಡುಗಳನ್ನೂ ಬಾಯಿಪಾಠ ಮಾಡಿತು. ಅಕ್ಷರ ಕೇಳಿದರೆ ಮತ್ತೆ ಅದೇ ಗೋಡೆ. ಸಿಟ್ಟು ತಡೆಯಲಾರದೆ ಒಮ್ಮೆ ಬೆನ್ನಿಗೆ ಹೊಡೆದೂಬಿಟ್ಟಳು, ಆಮೇಲೆ ತಾನೇ ಕೂತು ಅತ್ತಳು. ಎಲ್ಲ ಕಡೆ ಹುಡುಕಿದಳು ಪುಣ್ಯಾತ್ಗಿತ್ತಿ, ತನ್ನ ಕಡೆ ಒಮ್ಮೆಯೂ ನೋಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ಪ್ರತಿ ಶನಿವಾರ ಸಂಜೆ ಟೀಚರ್ ಮತ್ತು ಮಕ್ಕಳೆಲ್ಲ ವಿಡಿಯೋ ಕಾಲಿನಲ್ಲಿ ಸೇರುತ್ತಿದ್ದರು, ಒಬ್ಬ ತಾಯಿ ಕಥೆ ಓದಬೇಕಿತ್ತು. ಈ ಸಲ ಮಹಾನಂದಾಳ ಪಾಳಿ. ಟೋಪಿ ಹುಡುಕಿಕೊಂಡು ಹೊರಟ ಕುರಿಮರಿಯ ಕಥೆ ಅದು. ವಾರವಿಡೀ ಅದನ್ನೇ ಗುನುಗಿದಳು. ಒಗ್ಗರಣೆ ಸೀದದ್ದೂ ತಿಳಿಯದಷ್ಟು ಗುನುಗಿದಳು.

ಶನಿವಾರ ಬಂತು. ಗೋಡೆಗೆ ಫೋನ್ ಆನಿಸಿ ಕೂತಳು. ಪುಸ್ತಕವನ್ನು ಫೋನಿಗೆ ಕಾಣುವಂತೆ ಹಿಡಿದು ಪುಟ ತಿರುವುವ ಕೆಲಸ ಶ್ರಾವಣಿಗೆ. ಹಿಂದೆ ಕಾಶೀಬಾಯಿ ಹೊಸ ಸೀರೆ ಉಟ್ಟು, ಓಣಿಯ ಇಬ್ಬರು ಹೆಂಗಸರನ್ನೂ ಕರೆತಂದು ಕೂರಿಸಿಕೊಂಡಿದ್ದಳು. ಕಥೆ ಸರಾಗವಾಗಿ ಹೊರಟಿತು. ಫೋನಿನ ಸಣ್ಣ ಸಣ್ಣ ಚೌಕಗಳಲ್ಲಿ ಮಕ್ಕಳು ಬಾಯಿಬಿಟ್ಟು ಕೇಳುತ್ತಿದ್ದರು. ನಡುವೆ ಎರಡು ಹಾಳೆ ಅಂಟಿಕೊಂಡಿದ್ದವು, ಶ್ರಾವಣಿ ಎರಡನ್ನೂ ಒಟ್ಟಿಗೇ ತಿರುವಿದಳು. ಫೋನನ್ನೇ ನೋಡುತ್ತಿದ್ದ ಮಹಾನಂದಾಳಿಗೆ ಅದು ಕಾಣಲಿಲ್ಲ. ಕೆಂಪು ಜುಟ್ಟಿನ ಕೋಳಿ ಬಂತು, ನಿನ್ನ ಟೋಪಿ ನಾ ನೋಡಿಲ್ಲ ಅಂದಿತು ಎಂದು ಹೇಳುತ್ತಲೇ ಹೋದಳು.

ಆ ಕಡೆಯಿಂದ ಒಂದು ಮಗು ಅಂದಿತು, “ಆಂಟಿ, ಅದು ಕೋಳಿ ಅಲ್ಲರಿ. ಒಂಟಿ.”

ಮಹಾನಂದಾ ಬಗ್ಗಿ ನೋಡಿದಳು. ಪುಟದ ತುಂಬ ಒಂಟೆ ನಿಂತಿತ್ತು. ಅದರ ಕೆಳಗಿದ್ದ ಸಾಲುಗಳಲ್ಲಿ ಒಂದಾದರೂ ಅವಳ ಗುರುತಿನದಲ್ಲ. ಬಾಯಿಪಾಠ ನಡುವೆ ಕಡಿದರೆ ಗೊತ್ತಲ್ಲ, ಮತ್ತೆ ಮೊದಲಿನಿಂದಲೇ ಹೇಳಬೇಕು. ಒಂಟೆ ಏನಂದಿತ್ತು? ನೆನಪಾಗಲಿಲ್ಲ. ಫೋನಿನಲ್ಲಿ ಎಲ್ಲರೂ ಕಾಯುತ್ತಿದ್ದರು, ಬೆನ್ನ ಹಿಂದೆ ಅತ್ತೆ ಕಾಯುತ್ತಿದ್ದಳು. ನೆಟ್‌ವರ್ಕ್ ಹೋಯಿತು ಅಂದರಾಯಿತು, ಎಲ್ಲರೂ ನಂಬುತ್ತಾರೆ ಎಂದುಕೊಂಡು ಕಾಲ್ ಕಡಿಯಲು ಬೆರಳು ಚಾಚಿದಳು.

ಆಗ ಶ್ರಾವಣಿ ಅವಳ ಕಿವಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು.

“ಅವ್ವಾ, ಪುಸ್ತಕ ನೋಡಬ್ಯಾಡ. ಮ್ಯಾಲೆ ಗ್ವಾಡಿ ನೋಡು, ನೆನಪಾಗ್ತದ. ನಾನೂ ಸಾಲ್ಯಾಗ ಹಂಗೇ ಮಾಡ್ತೀನಿ.”

ಚಾಚಿದ ಬೆರಳು ಅಲ್ಲೇ ನಿಂತಿತು. ಮಗಳ ಕಣ್ಣಿನಲ್ಲಿ ದೋಷವಿರಲಿಲ್ಲ, ತಲೆಯಲ್ಲೂ ಇರಲಿಲ್ಲ. ಮಗು ತಾಯಿ ಓದಿದ ಹಾಗೆ ಓದಲು ಕಲಿತಿತ್ತು, ಅಷ್ಟೇ. ತಾನು ಹೊಡೆದ ಆ ಪುಟ್ಟ ಬೆನ್ನ ಮೇಲೆ ಮಹಾನಂದಾ ಮೆಲ್ಲಗೆ ಕೈಯಿಟ್ಟಳು.

ಅವಳು ಫೋನಿನ ಕಡೆ ತಿರುಗಿದಳು. “ಟೀಚರ್, ನನಗ ಕನ್ನಡ ಓದಾಕ ಬರಂಗಿಲ್ಲ,” ಅಂದಳು. “ನಾ ಕಲತಿದ್ದು ಮರಾಠಿ ಸಾಲ್ಯಾಗ. ಇಷ್ಟ ದಿನ ಕೇಳಿ ಕೇಳಿ ಹೇಳ್ತಿದ್ದೆ. ನನ್ನ ಮಗಳೂ ಅದನ್ನ ಕಲತಾಳ.”

ಕಾಶೀಬಾಯಿ ಎದ್ದು ಒಳಗೆ ಹೋದಳು. ಟೀಚರ್ ಮಾತ್ರ ಸಾವಕಾಶವಾಗಿ, ಆ ಪುಟದ ಮೊದಲ ಅಕ್ಷರದ ಮೇಲೆ ಇಬ್ಬರೂ ಬೆರಳಿಡಿ, ನಾನು ಹೇಳಿಕೊಡುತ್ತೇನೆ, ಮಕ್ಕಳೂ ನೋಡಲಿ ಅಂದರು. ಆ ಸಂಜೆ ಒಂಟೆಯ ಪುಟ ಒಂದನ್ನು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು.

ಕೆಲವು ದಿನದ ಮೇಲೆ ಅತ್ತೆ ಅಂದಳು, ಓದು ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ನನ್ನನ್ನು ನಂಬಲಿಲ್ಲವಲ್ಲ ಎಂದು. ಅತ್ತೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಸಂಜೆಯ ವಿಡಿಯೋ ಈಗಲೂ ಬರುತ್ತದೆ. ತಾಯಿ ಮಗಳು ಅದನ್ನು ಕೇಳಿ, ಫೋನ್ ಬೋರಲು ಹಾಕಿ, ಪುಸ್ತಕ ಹಿಡಿದು ಕೂರುತ್ತಾರೆ. ತಾಯಿ ತಡವರಿಸುತ್ತಾಳೆ, ತಪ್ಪುತ್ತಾಳೆ, ಹಿಂದಕ್ಕೆ ಹೋಗಿ ಮತ್ತೆ ಓದುತ್ತಾಳೆ. ಮಗಳು ಅದೆಲ್ಲವನ್ನೂ ನೋಡುತ್ತ ಕೂತಿರುತ್ತಾಳೆ. ಒಂದು ಸಂಜೆ ಶ್ರಾವಣಿಯ ಬೆರಳು ಒಂದು ಅಕ್ಷರದ ಮೇಲೆ ತಡೆಯಿತು. ಮಹಾನಂದಾ ಅವಳ ಕಣ್ಣುಗಳನ್ನೇ ನೋಡಿದಳು, ಈಗ ಗೋಡೆಗೆ ಹೋಗುತ್ತವೆ ಎಂದುಕೊಂಡಳು. ಹೋಗಲಿಲ್ಲ. ಮಗು ಪುಸ್ತಕದ ಮೇಲೆ ಇನ್ನಷ್ಟು ಬಗ್ಗಿತು.

“ತಡಿ ಅವ್ವಾ, ಹೇಳಬ್ಯಾಡ,” ಅಂದಳು. “ನಾ ನೋಡ್ತೀನಿ.”

ನೀತಿ: ಫೋನು ಎಷ್ಟು ಚೆಂದದ ಕಥೆ ಹೇಳಿದರೂ ಮಗು ಕಲಿಯುವುದು ಪಕ್ಕದಲ್ಲಿ ಕೂತವರನ್ನು ನೋಡಿಯೇ. ಬಾರದ್ದನ್ನು ಮುಚ್ಚಿಟ್ಟುಕೊಂಡರೆ ಮಗುವೂ ಮುಚ್ಚಿಡಲು ಕಲಿಯುತ್ತದೆ. ಆದ್ದರಿಂದ ಬಾರದಿದ್ದರೆ ಬಾರದು ಅನ್ನಿ, ಮಗುವಿನ ಎದುರಿಗೇ ಕೂತು ಕಲಿಯಿರಿ.