ಬಳೆಗಾರನ ಮಗಳ ಮಾತು

“ಗುರುಗಳೇ, ನಾನು ಕಲಿಸುವ ಪಾಠಶಾಲೆಗೆ ಹೊಸದಾಗಿ ಬಂದ ಮಗುವೊಂದು ನನ್ನ ಮುಖ ನೋಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಎಲ್ಲೋ ಕೇಳಿದ ಮಾತನ್ನು ಸಂಬಂಧವಿಲ್ಲದೆ ಹೇಳುತ್ತಿರುತ್ತದೆ. ಅದಕ್ಕೆ ಮಾತು ಕಲಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನ ಏಳು ವರ್ಷದ ಮಗಳೂ ಹಾಗೆಯೇ. ತಾಯಿಯಿಲ್ಲದ ಮಗು. ಅವನು ಊರೂರು ಸುತ್ತಿ ಹೆಂಗಸರಿಗೆ ಬಳೆ ತೊಡಿಸುವಾಗ ಪಕ್ಕದಲ್ಲೇ ಕೂತಿರುತ್ತಿದ್ದಳು. ಜನ ಅವಳನ್ನು ಗಿಣಿಮರಿ ಎಂದು ನಗುತ್ತಿದ್ದರು. ಬಳೆಗಾರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮಗಳು ಯಾವ ಮಾತನ್ನು ಯಾವಾಗ ಆಡುತ್ತಾಳೆಂದು ಗಮನಿಸುತ್ತ ಬಂದ.

ಒಮ್ಮೆ ಅವಳನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು, ಬಳೆ ತರಲು ಪಟ್ಟಣಕ್ಕೆ ಹೋದ. ಅಂದೇ ಹುಡುಗಿ ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು. “ಕೈ ಸಡಿಲ ಬಿಡವ್ವಾ, ಈಗ ಆಗ್ಹೋಗ್ತದೆ” ಎಂದು ಒಂದೇ ಸಮನೆ ಹೇಳತೊಡಗಿದಳು. ಅಕ್ಕ ಗಾಬರಿಯಾಗಿ ವೈದ್ಯನನ್ನು ಕರೆಸಿದಳು. ವೈದ್ಯ ಹುಡುಗಿಯ ಕೈಗಳನ್ನು ಹಿಡಿದು ಬೆರಳು ಬೆರಳನ್ನೂ ಮಡಿಸಿ ನೋಡಿದ. ಕೈಗೆ ಏನೂ ಆಗಿಲ್ಲ, ಬರೀ ಹಟ ಎಂದು ಎದ್ದು ಹೋದ. ಓದಿಕೊಂಡವನೇ, ಕೇಳಿಸಿಕೊಳ್ಳುವುದರಲ್ಲಿ ಮಾತ್ರ ಸ್ವಲ್ಪ ಅವಸರ.

ಮೂರನೆಯ ದಿನ ಬಳೆಗಾರ ಬಂದ. ಹೊಸಿಲಲ್ಲೇ ಆ ಮಾತು ಕಿವಿಗೆ ಬಿತ್ತು. ಹೆಗಲ ಮೇಲಿನ ಬಳೆಯ ಮಲಾರವನ್ನು ಅಲ್ಲೇ ಇಳಿಸಿದ. ಮಗಳ ಮುಂದೆ ಕೂತು ಪಾದದಿಂದ ಮೇಲಕ್ಕೆ ಮೆಲ್ಲಗೆ ಮುಟ್ಟುತ್ತ ಹೋದ. ಬೆರಳು ಬಲಗಿವಿಯ ಹತ್ತಿರ ಬಂದಾಗ ಅವಳು ಅದೇ ಮಾತನ್ನು ಕೂಗಿ ಹೇಳಿ ಅವನ ಕೈ ತಳ್ಳಿದಳು.

ವೈದ್ಯ ಮತ್ತೆ ಬಂದ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟ ಮೇಲೆ ಹುಳವೊಂದು ಹೊರಬಂತು. ಹುಡುಗಿ ಅಪ್ಪನ ತೊಡೆಯ ಮೇಲೆ ನಿದ್ದೆಹೋದಳು.

“ನಿನಗೆ ಹೇಗೆ ತಿಳೀತಯ್ಯಾ?” ಎಂದು ವೈದ್ಯ ಕೇಳಿದ.

“ಬಿಗಿ ಬಳೆ ಏರಿಸುವಾಗ ಹೆಂಗಸರಿಗೆ ನೋಯ್ತದೆ ಸ್ವಾಮಿ. ಆಗ ನಾನು ಹೇಳೋ ಮಾತು ಅದು. ಇವಳು ನೋವಿಗೆ ಅದನ್ನೇ ಇಟ್ಕೊಂಡಿದಾಳೆ. ಮೊದಲು ಎರಡು ವರ್ಷ, ಇವಳು ಹಾಗಂದಾಗೆಲ್ಲ ನಾನೂ ಕೈಯನ್ನೇ ನೋಡ್ತಿದ್ದೆ.”

ಕತೆ ಮುಗಿಸಿ ಗುರು ಹೇಳಿದರು: “ಆ ತಂದೆಯನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಮಗುವನ್ನು ನೆನೆದರೂ ಅಷ್ಟೇ. ಯಾರಿಗೂ ತಿಳಿಯದಿದ್ದರೂ ಅದು ಹೇಳುವುದನ್ನು ಬಿಡಲಿಲ್ಲ.”

ಶಿಷ್ಯ ತಲೆದೂಗಿದ.

“ಸರಿ, ನಿನ್ನ ಪಾಠಶಾಲೆಯ ಮಗು ಇವತ್ತು ಏನು ಹೇಳಿತು?” ಎಂದು ಗುರು ಕೇಳಿದರು.

ಶಿಷ್ಯನಿಗೆ ಒಂದು ಮಾತೂ ನೆನಪಿರಲಿಲ್ಲ.