ಗೆರೆ ಬೀಳದ ಸಾಲುಗಳು

"ಗುರುಗಳೇ, ದಿನವೂ ನಿನ್ನ ತಪ್ಪುಗಳನ್ನು ಬರೆದಿಡು ಎಂದಿರಿ. ಬರೆದೆ. ಪುಸ್ತಕ ತುಂಬುತ್ತಿದೆಯೇ ಹೊರತು ತಪ್ಪುಗಳು ತೀರುತ್ತಿಲ್ಲ. ಇದನ್ನು ಒಲೆಗೆ ಹಾಕಿ ಊರಿಗೆ ಹೋಗಿಬಿಡಲೇ?" ಎಂದು ಒಬ್ಬ ಶಿಷ್ಯ ಕೇಳಿದ.

ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು. ಗುರುಗಳು ಅದನ್ನು ನೋಡಿ ನಕ್ಕರು.

"ಬಸ್ಸಿಗೆ ಇನ್ನೂ ಹೊತ್ತಿದೆ. ಕೂತುಕೋ, ಒಂದು ಕತೆ ಕೇಳಿ ಹೋಗುವೆಯಂತೆ."

ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಒಬ್ಬ ಗುಮಾಸ್ತೆ ಇದ್ದಳು. ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿ ತುಂಬಿ ಜಿಲ್ಲಾ ಆಸ್ಪತ್ರೆಗೆ ಕಳಿಸುವುದು ಆಕೆಯ ಕೆಲಸ. ಹೆಚ್ಚಿನವು ಹೋಗಿ ಸೇರುತ್ತಿದ್ದವು. ಕೆಲವು, ತಪ್ಪಿದೆ ಎಂದು ವಾಪಸು ಬರುತ್ತಿದ್ದವು. ವಾಪಸು ಬಂದವನ್ನು ಆಕೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು: ಯಾರದು, ಯಾವತ್ತು ಬಂತು, ಯಾರನ್ನು ಕೇಳಿದೆ, ಅವರು ಏನೆಂದರು. ದಾಖಲೆ ಸೇರಿದ ಮೇಲೆಯೇ ಆ ಸಾಲಿಗೆ ಗೆರೆ. ಬೆಳಿಗ್ಗೆ ಬಂದೊಡನೆ ಗೆರೆ ಬೀಳದ ಸಾಲುಗಳನ್ನು ಮೊದಲಿನಿಂದ ಓದುವಳು. ನೋಡಿದವರಿಗೆ ನಗು ಬರುತ್ತಿತ್ತು.

ಒಮ್ಮೆ ಒಬ್ಬ ಬಸುರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳದು ನೆಗೆಟಿವ್ ಗುಂಪಿನ ರಕ್ತ, ಸುಲಭಕ್ಕೆ ಸಿಗುವಂಥದಲ್ಲ. ದಾಖಲೆ ಸೇರಿದರೆ ಜಿಲ್ಲಾ ಆಸ್ಪತ್ರೆಯವರು ಆ ರಕ್ತವನ್ನು ಹೆರಿಗೆಗೆ ಮೊದಲೇ ಕಳಿಸುತ್ತಾರೆ. ಸೇರಲಿಲ್ಲ. ಗಂಡನ ಊರಿನಲ್ಲಿ ಈ ಹೆಂಗಸು ಆಗಲೇ ದಾಖಲಾಗಿದ್ದಾಳೆ, ಎರಡೂ ಹೊಂದುತ್ತಿಲ್ಲ ಎಂದು ವಾಪಸು ಬಂತು.

"ತವರಿಗೆ ಬಂದವರದೆಲ್ಲ ಇದೇ ರಗಳೆ. ಅಳಿಸಿಬಿಡಮ್ಮ," ಎಂದ ಆಸ್ಪತ್ರೆಯ ವೈದ್ಯ. "ಸೋಮವಾರ ತಪಾಸಣೆಗೆ ಬರ್ತಾರೆ. ಒಂದೂ ಬಾಕಿ ಕಾಣಬಾರದು."

"ಅಳಿಸಿದರೆ ಬಾಕಿ ಹೋಗುತ್ತೆ ಸರ್. ಆದರೆ ಆ ಹುಡುಗಿ ದಿನ ತುಂಬಿದ ಮೇಲೆ ಇಲ್ಲಿಗೇ ಬರ್ತಾಳೆ."

ಗುಮಾಸ್ತೆ ಆ ಬಸುರಿಯ ಗಂಡನ ಊರಿನ ನರ್ಸಿಗೆ ಫೋನು ಮಾಡಿದಳು. ಎರಡು ದಿನ ಸಿಗಲಿಲ್ಲ. ಸಿಗಲಿಲ್ಲ ಎಂದೂ ಬರೆದಿಟ್ಟಳು. ಮೂರನೆಯ ದಿನ ಸಿಕ್ಕ ನರ್ಸು ತನ್ನ ಪುಸ್ತಕ ತೆಗೆದು, ಇಲ್ಲಿ ಪಾಸಿಟಿವ್ ಎಂದಿದೆಯಲ್ಲ ಎಂದಳು.

ಗುಮಾಸ್ತೆ ತಾನು ಬರೆದದ್ದೇ ಸರಿ ಎಂದು ಹಟ ಹಿಡಿಯಲಿಲ್ಲ. ಬಸುರಿಯನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಿಸಿದಳು. ನೆಗೆಟಿವ್ ಎಂದೇ ಬಂತು. ನರ್ಸು ಅಲ್ಲಿ ತಿದ್ದಿದಳು, ಇಲ್ಲಿಂದ ದಾಖಲೆ ಹೋಗಿ ಸೇರಿತು, ಸಾಲಿಗೆ ಗೆರೆ ಬಿತ್ತು. ಗೆರೆ ಬೀಳದೆ ಉಳಿದ ಹದಿನೇಳು ಸಾಲುಗಳನ್ನು ಆಕೆ ಅಳಿಸಲಿಲ್ಲ. ತಪಾಸಣೆಯ ದಿನ ಅವುಗಳಿಗಾಗಿ ವೈದ್ಯ ನಾಲ್ಕು ಮಾತು ಕೇಳಿಸಿಕೊಳ್ಳಬೇಕಾಯಿತು. ತಪಾಸಣೆಯವರು ಹೋದ ಮೇಲೆ ಅವನು ಆಕೆಗೆ ಎಂಟು ಮಾತು ಅಂದ.

ಹನ್ನೆರಡು ದಿನದ ಮೇಲೆ ಹೆರಿಗೆಯಾಯಿತು. ರಕ್ತಸ್ರಾವ ನಿಲ್ಲಲಿಲ್ಲ. ಕೊಡಬೇಕಾದ ರಕ್ತ ಆಸ್ಪತ್ರೆಯ ಫ್ರಿಜ್ಜಿಗೆ ಆಗಲೇ ಬಂದಿತ್ತು. ತಾಯಿ ಉಳಿದಳು, ಮಗುವೂ ಗಟ್ಟಿಯಾಗಿ ಅತ್ತಿತು. ವೈದ್ಯ ಕೈ ತೊಳೆದುಕೊಂಡು ನೇರವಾಗಿ ಗುಮಾಸ್ತೆಯ ಮೇಜಿನ ಬಳಿಗೆ ಬಂದ. "ಉಳಿದವರು ಯಾರ್ಯಾರಮ್ಮ, ಓದು," ಎಂದು ಕುರ್ಚಿ ಎಳೆದುಕೊಂಡು ಕೂತ.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು.

ಶಿಷ್ಯ ಕೈಯಲ್ಲಿದ್ದ ಪುಸ್ತಕವನ್ನು ತಿರುವುತ್ತಿದ್ದ. "ಕೊನೆಗಾದರೂ ಆಕೆಯ ಎಲ್ಲ ಸಾಲಿಗೂ ಗೆರೆ ಬಿತ್ತೇ?" ಎಂದು ಕೇಳಿದ.

"ಎಲ್ಲಿಂದ ಬೀಳಬೇಕು? ಮರುದಿನವೇ ಹೊಸ ಸಾಲು ಸೇರಿತು. ಹುಟ್ಟಿದ ಆ ಮಗುವಿನ ದಾಖಲೆ, ಇನ್ನೂ ಹೆಸರಿಟ್ಟಿಲ್ಲವೆಂದು ವಾಪಸು ಬಂದಿತ್ತು."

ಶಿಷ್ಯ ತನ್ನ ಪುಸ್ತಕದ ಮೊದಲ ಪುಟ ತೆರೆದು ಓದತೊಡಗಿದ. ಹೊರಗೆ ಬಸ್ಸು ಬಂದು, ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು.