ಕೆಮ್ಮುಗುಡ್ಡದ ಹೊಗೆಕೊಳವೆ

ವಯೋಮಿಂಗ್‌ನ ಬಯಲಲ್ಲಿ, ಹೆಚ್ಚಾಗಿ ದಾರಿ ತಪ್ಪಿದವರಿಗೇ ಸಿಗುವ ಒಂದು ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ, ನೆಲದೊಳಗಿಂದ ಯಾರೋ ಮೂಗು ಹೊರಗಿಟ್ಟಂತೆ, ತುಕ್ಕು ಹಿಡಿದ ಕಬ್ಬಿಣದ ಹೊಗೆಕೊಳವೆಯೊಂದು ನಿಂತಿದೆ. ಸುತ್ತ ಮನೆಯಿಲ್ಲ, ಒಲೆಯಿಲ್ಲ. ಗುಡ್ಡದ ಬುಡದಲ್ಲಿ ಸಣ್ಣದೊಂದು ಒರತೆ. ಗುಡ್ಡಕ್ಕೇಕೆ ಹೊಗೆಕೊಳವೆ, ಅದಕ್ಕೆ ಕೆಮ್ಮುಗುಡ್ಡ ಎಂಬ ಹೆಸರೇಕೆ ಎಂದು ಬಂದವರೆಲ್ಲ ಕೇಳುತ್ತಾರೆ.

ಹಿಂದೆ ಒಮ್ಮೆ, ಚಿನ್ನದ ಆಸೆಗೆ ಜನ ಇಲ್ಲಿನ ನೆಲವನ್ನು ಇಲಿಗಳ ಹಾಗೆ ಕೊರೆಯುತ್ತಿದ್ದ ಕಾಲದಲ್ಲಿ, ಇಲ್ಲೊಂದು ಊರಿತ್ತಂತೆ. ಮರವೇ ಇಲ್ಲದ ಬಯಲು. ಟೋಪಿಯ ಜೊತೆಗೆ ತಲೆಯನ್ನೂ ಹಾರಿಸುವಂಥ ಗಾಳಿ. ಹಾಗಾಗಿ ಊರಿನವರು ಗುಡ್ಡದ ಹೊಟ್ಟೆ ಕೊರೆದು ಮನೆ ಮಾಡಿಕೊಳ್ಳುತ್ತಿದ್ದರು. ಪಿಂಕ್ನಿ ಎಂಬವನ ಸಾರಾಯಿ ಅಂಗಡಿಯೂ ಹಾಗೆಯೇ: ಮುಂದೊಂದು ಬಾಗಿಲು, ಮೇಲೆ ಗುಡ್ಡವೇ ಛಾವಣಿ, ಹುಲ್ಲಿನ ನಡುವೆ ಹೊಗೆಕೊಳವೆ. ಆಗಷ್ಟೇ ವಯೋಮಿಂಗ್‌ನ ಹೆಂಗಸರಿಗೆ, ದೇಶದಲ್ಲೇ ಮೊದಲು, ಮತ ಹಾಕುವ ಹಕ್ಕು ಬಂದಿತ್ತು. ಗಣಿಯ ಧಣಿ ಬ್ರೋಡಿ ಚುನಾವಣೆಗೆ ನಿಂತ. ಗೆದ್ದರೆ ಊರಿಗಿದ್ದ ಒಂದೇ ಒರತೆಗೆ ಬೇಲಿ ಹಾಕಿ, ನೀರನ್ನೆಲ್ಲ ಗಣಿಗೆ ತಿರುಗಿಸುವುದು ಅವನ ಹಂಚಿಕೆ. ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದ ವಿಧವೆ ತಬಿತಾಗೆ ಆ ನೀರೇ ಅನ್ನ. ಹೆಂಗಸರ ಒಂದು ಮತವೂ ತನಗೆ ಬೀಳದೆಂದು ತಿಳಿದ ಬ್ರೋಡಿ, ಮತಪೆಟ್ಟಿಗೆಯನ್ನು ಪಿಂಕ್ನಿಯ ಅಂಗಡಿಯೊಳಗೆ ಇಡಿಸಿದ. ಮರ್ಯಾದಸ್ಥ ಹೆಂಗಸು ಸಾರಾಯಿ ಅಂಗಡಿಯ ಹೊಸ್ತಿಲು ದಾಟುವ ಕಾಲವೇ ಅದು?

"ಬನ್ನಿ ತಾಯಂದಿರೇ, ಬಾಗಿಲು ತೆರೆದೇ ಇದೆಯಲ್ಲ!" ಎಂದು ಮತದಾನದ ದಿನ ಹೊರಗೆ ನಿಂತ ಹೆಂಗಸರಿಗೆ ಬ್ರೋಡಿ ಒಳಗಿಂದಲೇ ಕೂಗಿದನಂತೆ. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾವ್ಯಾಕೆ ಬರೋಣ, ನೀವೇ ಬರ್ತೀರಿ ಬಿಡಿ" ಎಂದ ತಬಿತಾ, ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಗುಡ್ಡ ಹತ್ತಿದಳು. ಛಾವಣಿ ಹತ್ತಲು ಏಣಿಯೇ ಬೇಡದ ಊರು! ಆ ವರ್ಷ ಸೆಪ್ಟೆಂಬರಿಗೇ ಹಿಮ ಬಿದ್ದು, ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಬ್ರೋಡಿ ಒಗೆಯಲು ಕೊಟ್ಟಿದ್ದ ಕಂಬಳಿಯನ್ನೇ ಬುಟ್ಟಿಯಿಂದ ಹೆಕ್ಕಿ ಕೊಳವೆಯ ಬಾಯಿಗೆ ತುರುಕಿದಳು ಎನ್ನುತ್ತಾರೆ. ತುಸು ಹೊತ್ತಿಗೆ ಗುಡ್ಡವೇ ಕೆಮ್ಮತೊಡಗಿತು. ಆಮೇಲೆ ಗಂಡಸರನ್ನು ಒಬ್ಬೊಬ್ಬರಾಗಿ ಹೊರಗೆ ಉಗುಳಿತು. ಕೊನೆಗೆ ಬಂದವನು ಕಣ್ಣೀರಿಳಿಸುತ್ತ, ಮತಪೆಟ್ಟಿಗೆಯನ್ನು ಕೂಸಿನಂತೆ ಅಪ್ಪಿಕೊಂಡಿದ್ದ ಚುನಾವಣೆಯ ಅಧಿಕಾರಿ. ಹೊರಗೆ ತಬಿತಾಳ ಒಗೆಯುವ ತೊಟ್ಟಿ ಬೋರಲು ಬಿದ್ದು ಕಾಯುತ್ತಿತ್ತು. ಪೆಟ್ಟಿಗೆಯನ್ನು ಅದರ ಮೇಲೆ ಕುಕ್ಕಿದ. ಹೆಂಗಸರು ಆಗಲೇ ಸಾಲು ನಿಂತಿದ್ದರು. "ಏನ್ರೀ ಬ್ರೋಡಿಯವರೇ, ನೆಗಡಿನಾ?" ಎಂದು ಕೇಳುತ್ತಲೇ ತಬಿತಾ ಮೊದಲ ಮತ ಹಾಕಿದಳಂತೆ. ಬ್ರೋಡಿ ಇನ್ನೂ ಕೆಮ್ಮುತ್ತಲೇ ಇದ್ದ. ಸಂಜೆಗೆ ಅವನು ಸೋತಿದ್ದ.

ಚಿನ್ನ ಮುಗಿಯಿತು, ಊರೂ ಮುಗಿಯಿತು. ಅಂಗಡಿಯ ಬಾಗಿಲು ಮಣ್ಣಿನಲ್ಲಿ ಮುಚ್ಚಿಹೋಯಿತು. ಈಗಲೂ ಗುಡ್ಡ ಹತ್ತಿದವರು ಕೊಳವೆಗೆ ಬಾಯಿಟ್ಟು ಒಮ್ಮೆ ಕೆಮ್ಮುತ್ತಾರೆ. ಒಳಗಿಂದ ಯಾರೋ ತಿರುಗಿ ಕೆಮ್ಮುತ್ತಾರೆ. ಗಂಟಲು ಕೆರೆದಾಗ ಹತ್ತಿದವರು ಇಳಿದು ಬಂದು ಒರತೆಗೆ ಬೊಗಸೆಯೊಡ್ಡುತ್ತಾರೆ. ಅದಕ್ಕೆ ಇಂದಿಗೂ ಬೇಲಿಯಿಲ್ಲ.